ಉಸಿರಿಗೆ ಎರಡಿಂಚು

ಹಲಸೂರಿನ ಬಜಾರು ಬೀದಿ, ನಮ್ಮಪ್ಪ ಇಟ್ಟ ಅಂಗಡಿ.
ಅಳತೆ ಪುಸ್ತಕದ ನಲವತ್ತೊಂದನೇ ಹಾಳೆ ಅವಳದು.
ಹೆಸರಿನ ಜಾಗದಲ್ಲಿ ಎರಡು ಹೆಸರು:
ಮೇಲೆ, ಶಾಯಿಯಲ್ಲಿ, ಮಿಸ್ ಮಾರ್ಲಾ.
ಕೆಳಗೆ, ಪೆನ್ಸಿಲ್ಲಿನಲ್ಲಿ, ಅರುಳ್‌ಮೇರಿ.

ರೆಸಿಡೆನ್ಸಿ ರಸ್ತೆಯ ಹೋಟೆಲಿನ ಬೋರ್ಡು
'ಲಂಡನ್ನಿನಿಂದ ನೇರ' ಅನ್ನುತ್ತಿತ್ತು.
ಬಂದದ್ದು ಕೋಲಾರದ ಚಿನ್ನದ ಗಣಿಯಿಂದ,
ಬಂಗಾರಪೇಟೆಯಲ್ಲಿ ರೈಲು ಬದಲಿಸಿ.
ಅಪ್ಪ ಪಾತಾಳದಲ್ಲಿ ಕಲ್ಲು ಕೊರೆದವನು;
ಧೂಳು ಎದೆಯಲ್ಲೇ ಗಟ್ಟಿಯಾಗಿ
ಕೊನೆಗೊಂದು ಮೇಣದಬತ್ತಿ ಊದಲೂ ಆಗದೆ ಹೋದನಂತೆ.
ನಗುತ್ತಲೇ ಹೇಳಿದಳು ಇದನ್ನು,
ತೋಳೆತ್ತಿ ನಿಂತು, ನಾನು ಟೇಪು ಸುತ್ತುತ್ತಿದ್ದಾಗ.

"ತಡಿ ಮೇಸ್ತ್ರಿ, ಈಗ ಅಳೆ."
ಉಸಿರೆಳೆದಳು. ಮೂವತ್ತಿದ್ದದ್ದು ಮೂವತ್ತೆರಡಾಯಿತು,
ಬೆರಳಸಂದಿಯಿಂದ ಟೇಪು ಜಾರಿತು.
"ನಾನು ಹಾಡೋದು ಈ ಎರಡಿಂಚಲ್ಲಿ.
ಇದೊಂದನ್ನ ಹೊಲಿದು ಮುಚ್ಚಬೇಡ."

ಮೊದಲ ಗೌನು ಹಸಿರು ಸ್ಯಾಟಿನ್ನು.
ತೋಳಿಲ್ಲ, ಕಾಲರಿಲ್ಲ, ಬೆನ್ನು ಅರ್ಧ ಬಯಲು.
ಆಮೇಲೆ ಮ್ಯಾನೇಜರು ಪೌಡರು ಡಬ್ಬಿ ತಂದ.
ಮುಖಕ್ಕೆ ಬಳಿದರೆ ಕತ್ತಿನಲ್ಲೊಂದು ಗಡಿ ಉಳಿಯುತ್ತದೆ,
ಮೇಲೆ ಲಂಡನ್ನು, ಕೆಳಗೆ ಗಣಿ.
ಆ ಗೆರೆಯ ಮೇಲೆ ಕಾಲರು ಇಟ್ಟವನು ನಾನೇ.
ಹಾಡಿಗೆ ಎದ್ದು ಕುಣಿದವರು
ಅವಳು ಊಟಕ್ಕೆ ಕೂತರೆ ಎದ್ದು ಹೋಗುತ್ತಿದ್ದರಂತೆ.
ಅಡುಗೆಮನೆ ಬಾಗಿಲಲ್ಲಿ ಬಾ, ಅಲ್ಲೇ ಹೋಗು.
ಫ್ರೇಜರ್ ಟೌನಿನಲ್ಲಿ ಬಾಡಿಗೆ ಮನೆ ಕೇಳಿದರೆ,
"ನೀವು ಯಾವ ಜನ?"

ನಾನೇನು ಸಾಚಾ ಅಲ್ಲ.
ಅವಳು ಮೆಟ್ಟಿಲಿಳಿದ ಮೇಲೆ ಅಮ್ಮ ಒಳಗಿಂದ ಬಂದು
ಟೇಪಿಗೆ ನೀರು ಚಿಮುಕಿಸುತ್ತಿದ್ದಳು.
ಅಂಕಿಗಳು ಅಳಿಸುತ್ತ ಬಂದವು.
ಬೇಡ ಅನ್ನಲಿಲ್ಲ. ಹೊಸ ಟೇಪು ಕೊಂಡೆ, ಅಷ್ಟೆ.

ಅರವತ್ತೆಂಟರಲ್ಲಿ ಉದ್ದ ತೋಳು ಬೇಕೆಂದಳು,
ಮಣಿಕಟ್ಟು ಮುಚ್ಚುವಷ್ಟು. ಏಪ್ರಿಲ್ ತಿಂಗಳು!
ನಾನು ನೋಡಿದ್ದನ್ನು ಅವಳೂ ನೋಡಿದಳು:
ಮೊಣಕೈ ಒಳಗೆ ಚುಕ್ಕೆಗಳ ಸೊಟ್ಟ ಸಾಲು,
ಕೆಲಸ ಕಲಿಯುವ ಹುಡುಗನ ಮೊದಲ ಹೊಲಿಗೆಯ ಹಾಗೆ.
"ನಿನಗೂ ಸೂಜಿಯೇ ಅನ್ನ, ನನಗೂ."
ಯಾವುದೋ ಆಸ್ಪತ್ರೆಯ ಕಾಂಪೌಂಡರು ತಂದುಕೊಡುತ್ತಿದ್ದನಂತೆ,
ವಾರದ ಸಂಬಳ ಪೂರ್ತಿ ಅವನ ಜೇಬಿಗೆ.
ಕ್ರಿಸ್‌ಮಸ್ಸಿನಿಂದ ಕ್ರಿಸ್‌ಮಸ್ಸಿಗೆ ಗೌನು ಒಳಕ್ಕೆ ಹಿಡಿದೆ.
ಮೂವತ್ತು. ಇಪ್ಪತ್ತೊಂಬತ್ತೂವರೆ. ಇಪ್ಪತ್ತೇಳು.
ಪಕ್ಕದಲ್ಲಿ ಪ್ರತಿ ಸಲವೂ: ಕೂಡಿಸು ಎರಡು.

ಒಂದು ಮಧ್ಯಾಹ್ನ ಬಂದವಳೇ
ಇದ್ದಬದ್ದ ಗೌನೆಲ್ಲ ಮೇಜಿನ ಮೇಲೆ ಸುರಿದಳು.
"ಕಾಲರು ಬಿಚ್ಚು. ತೋಳು ಕತ್ತರಿಸು."
"ಕೈ ಕಾಣುತ್ತಲ್ಲಮ್ಮ."
"ಕಾಣಲಿ."

ಆ ರಾತ್ರಿ ನಾನೂ ಹೋಗಿದ್ದೆ,
ಅಡುಗೆಮನೆ ಬಾಗಿಲಲ್ಲೇ, ಈರುಳ್ಳಿ ಬುಟ್ಟಿಯ ಪಕ್ಕ ನಿಂತೆ.
ಪೌಡರಿಲ್ಲ. ಬರಿಗೈ. ದೀಪದ ಬೆಳಕೆಲ್ಲ ಆ ಕೈ ಮೇಲೆ.
ಇಂಗ್ಲಿಷು ನನಗೆ ತಿಳಿಯದು.
ನಡುವೆ ಎಲ್ಲೋ ಅವಳು ಮಾತೇ ಬಿಟ್ಟಳು.
ಕೆಮ್ಮೋ ರಾಗವೋ, ಅಪ್ಪನ ಎದೆಯೊಳಗಿನ ಕಲ್ಲನ್ನು
ಒಂದೊಂದೇ ಬುಟ್ಟಿ ಮೇಲಕ್ಕೆ ಎಳೆದಳು.
ಮೂರು ಮೇಜು ಖಾಲಿಯಾದವು.
ಸ್ಯಾಕ್ಸಫೋನಿನ ಮುದುಕ ಕೊಲಾಸೊ ಮಾತ್ರ
ಕಣ್ಣುಮುಚ್ಚಿ ಊದುತ್ತಲೇ ಇದ್ದ.

ಮರುದಿನ ಬೋರ್ಡಿನಲ್ಲಿ ಬೇರೆ ಹೆಸರು.

ಮದರಾಸಿಗೆ ಹೋದಳು ಅನ್ನುತ್ತಾರೆ. ಕಲ್ಪಳ್ಳಿಯ ಮಣ್ಣಿಗೆ, ಅನ್ನುತ್ತಾರೆ.
ಹಾಳೆಯ ತುದಿಯಲ್ಲಿ ಬಾಕಿ ಹನ್ನೆರಡು ರೂಪಾಯಿ,
ಹೊಡೆದುಹಾಕಿಲ್ಲ.
ಕತ್ತರಿಸಿದ ಕಾಲರುಗಳು ಡ್ರಾಯರಿನಲ್ಲಿವೆ,
ಒಳಮಡಿಕೆಯಲ್ಲಿ ಇನ್ನೂ ಪೌಡರು.

ನನ್ನ ಬ್ಲೌಸು ಸಡಿಲ ಎಂದು ಈಗಲೂ ಹೆಂಗಸರು ಜಗಳಕ್ಕೆ ಬರುತ್ತಾರೆ.
ಕೊಡಿ ತಾಯಿ, ಹಿಡಿದುಕೊಡ್ತೀನಿ, ಅನ್ನುತ್ತೇನೆ.
ಅರ್ಧ ಇಂಚು ಹಿಡಿಯುತ್ತೇನೆ.