ಉಪ್ಪು ಬೆರೆಸುವ ಮುನ್ನ

ಮಾಗಡಿ ರಸ್ತೆಯ ಪತ್ತಿನ ಸಂಘ ಮೇಲಂತಸ್ತಿನಲ್ಲಿ,
ಕೆಳಗೆ ಹಿಟ್ಟಿನ ಗಿರಣಿ.
ಬೆಲ್ಟು ತಿರುಗಿದಾಗಲೆಲ್ಲ ನನ್ನ ಟೀ ಲೋಟದೊಳಗೆ
ಸಣ್ಣ ಸಣ್ಣ ಬಳೆ.

ಇವರ ತಂತ್ರಾಂಶ ಒಂದು ವಠಾರ:
ಸಾಲಕ್ಕೊಂದು ಮನೆ, ಠೇವಣಿಗೊಂದು, ರಸೀದಿಗೊಂದು,
ನಲ್ಲಿ ಮಾತ್ರ ಎಲ್ಲರಿಗೂ ಒಂದೇ.
ಯಾರ ಗೋಡೆಯನ್ನೂ ಕೆಡವದೆ
ಇನ್ನೊಂದು ಮಾಡ್ಯೂಲು ಕೂರಿಸಬೇಕು ನಾನು.
ಬರೆದರೆ ನಲವತ್ತು ಸಾಲು.

ಟೇಬಲ್ ತೆರೆದೆ.
ಎರಡು ಸಾವಿರದ ಮುನ್ನೂರು ಜನರ ಗುಟ್ಟು
ತಂತಿಯ ಮೇಲೆ ಒಣಹಾಕಿದ ಬಟ್ಟೆ.
ಲೂರ್ದು ಮೇರಿಯದು ಮುಚ್ಚಿಹೋದ ಟಾಕೀಸಿನ ಹೆಸರು.
ಆರ್ಮುಗಂ ಅವರದು ಗಾಡಿ ನಂಬರು, ಎಂದೋ ಮಾರಿದ ಆಟೋದ್ದು.
ಹನ್ನೊಂದು ಜನರದು ಒಂದೇ ದೇವರು.
ಯಾರೋ ಒಬ್ಬರದು ‘ಮರೆತೆ’.
ಕಾರ್ಯದರ್ಶಿಗಳದು ಒಂದರಿಂದ ಆರು.

‘ಫೋನ್ ಮಾಡಿ ಕೇಳ್ತಾರಮ್ಮ, ನೋಡಿ ಹೇಳ್ತೀನಿ,’
ಅಂದರು ಗುರುಸಿದ್ದಯ್ಯ. ‘ನಾಳೆ ಏನ್ ಹೇಳ್ಲಿ?’
‘ನಂಗೂ ಗೊತ್ತಿಲ್ಲ ಅನ್ನಿ.’
‘ಸುಳ್ಳಾಗಲ್ವೇ?’
‘ನಾಳೆಯಿಂದ ಆಗಲ್ಲ.’

ನೆಲದ ಕಡೆ ಬೆರಳು ತೋರಿಸಿದೆ:
ರಾಗಿ ಹಿಟ್ಟಾಗುತ್ತೆ, ಹಿಟ್ಟು ಮತ್ತೆ ರಾಗಿಯಾಗಲ್ಲ.
ಅವರು ಸ್ವಲ್ಪ ಹೊತ್ತು ಯೋಚಿಸಿ,
‘ಓ, ಒನ್ ವೇ. ಅವೆನ್ಯೂ ರೋಡು.’
ನನ್ನ ಗಿರಣಿಗಿಂತ ಅದೇ ಮೇಲು.

ಒಬ್ಬೊಬ್ಬರಿಗೆ ಒಂದೊಂದು ಬೇರೆ ಉಪ್ಪು, ಚಿಟಿಕೆಯಷ್ಟು.
ಇಲ್ಲದಿದ್ದರೆ ಆ ಹನ್ನೊಂದು ದೇವರೂ
ಒಂದೇ ಥರದ ಹಿಟ್ಟಾಗಿ
ಕಳ್ಳನಿಗೆ ಗುರುತು ಸಿಗುತ್ತದೆ.

ಓಡಿಸುವ ಮುಂಚೆ ನಾನೂರ ಹದಿನೇಳರಲ್ಲಿ ನಿಂತೆ.
ಚೌಡಯ್ಯ, ಬಿನ್ನಿ ಮಿಲ್ಲಿನಲ್ಲಿ ನೇಯ್ದವರು.
ಎದುರಿಗೆ ಒಂದು ಹೆಂಗಸಿನ ಹೆಸರು, ಜೊತೆಗೆ ಒಂದು ಇಸವಿ.
‘ತಿಂಗಳಿಗೊಂದ್ಸಲ ಕೇಳ್ತಾರೆ.
ಸುಲಭದ್ದು ಇಡಿ ಅಂದ್ರೆ ಬೇಡ ಅಂತಾರೆ.
ಅಕ್ಷರ ಬಿಡಿಸಿ ಓದ್ತೀನಿ,
ಇನ್ನೊಂದ್ಸಲ ಓದಿ ಅಂತಾರೆ.’

ಎಂಟರ್ ಕೀಲಿಗೆ ಇದೆಲ್ಲ ಗೊತ್ತಿಲ್ಲ.
ಟಾಕೀಸು ಹೋಯಿತು, ಆಟೋ ಹೋಯಿತು,
ಒಂದರಿಂದ ಆರೂ ಹೋಯಿತು.
ಪರದೆ ತುಂಬ ಅಂಕಿ ಅಕ್ಷರಗಳ ತೌಡು,
ಎಲ್ಲರದೂ ಒಂದೇ ಉದ್ದ,
ಬಡವರದು ಗಿಡ್ಡ ಎಂದಿಲ್ಲ.

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಲಾಗಿನಲ್ಲಿ ಒಂದು ಸಾಲು:
ನಾನೂರ ಹದಿನೇಳು. ಮೊದಲ ಯತ್ನ. ಹೊಂದಿತು.
ಏನು ಒತ್ತಿದರೆಂದು ಯಂತ್ರಕ್ಕೆ ತಿಳಿಯದು,
ಸರಿಯಾಗಿತ್ತು ಎಂದಷ್ಟೇ ತಿಳಿದದ್ದು.

ಮರೆತೇ ಇರಲಿಲ್ಲ ಹಾಗಾದರೆ.

ಗುರುಸಿದ್ದಯ್ಯ ಎರಡು ಸಲ ಫೋನೆತ್ತಿ
ಟೋನು ಬರುತ್ತಿದೆಯೇ ಎಂದು ನೋಡಿ ಇಟ್ಟರು.

ಟೀ ತಣ್ಣಗಾಗಿತ್ತು. ಕೆಳಗೆ ಬೆಲ್ಟು ಶುರುವಾಯಿತು.
ಟೇಬಲ್ಲಿನಿಂದ ಅಳಿಸಿದ್ದು ನಾನೇ, ಹಳೆಯ ಪ್ರತಿಯನ್ನೂ ಅಳಿಸಿದೆ.
ಆದರೂ ಆ ಹೆಸರು ನನ್ನ ನಾಲಿಗೆಯ ಕೆಳಗೆ
ಕಲ್ಲಿಗೆ ಸಿಗದ ಒಂದು ಇಡೀ ಕಾಳು.