ಮೂರೂವರೆ ಸಾವಿರದೊಳಗೆ

ಬ್ರೋಕರ್ ಹಾಲಸ್ವಾಮಿಯ ಟಿವಿಎಸ್ ಹಿಂದೆ ಕೂತು
ಬೆಳಿಗ್ಗೆಯಿಂದ ಇದು ಐದನೆಯ ಓಣಿ.
ಸೊಂಟಕ್ಕೆ ಸಿಕ್ಕಿಸಿದ ಟೇಪು,
ಚೀಲದಲ್ಲಿ ಎರಡು ಬಾಳೆಹಣ್ಣು, ಆಧಾರ್ ಜೆರಾಕ್ಸು.
"ಮೂರೂವರೆ ಅಂದ್ರೆ ಅಕ್ಕಾ,
ಪಿ.ಜೆ. ಬಡಾವಣೆ ಕಡಿಗೆ ತಲಿ ಹಾಕಿ ಮಲಗಂಗೂ ಇಲ್ಲ"
ಅಂತ ನಕ್ಕ. ನಾನೂ ನಕ್ಕೆ.
ನಗುವುದಕ್ಕೆ ಕಮಿಷನ್ ಇಲ್ಲ.

ವಿದ್ಯಾನಗರದ ಮನೆಗೆ ಎರಡು ಕಿಟಕಿ.
ಒಂದರಲ್ಲಿ ಬೇವಿನ ಮರ, ಇನ್ನೊಂದರಲ್ಲಿ ಓನರ್.
ಎಷ್ಟು ಜನ?
ಇಬ್ಬರು. ನಾನು, ಮಗಳು.
ಯಜಮಾನ್ರು?
ಹರಿಹರದಲ್ಲಿದ್ದಾರೆ ಅಂದೆ. ಸುಳ್ಳಲ್ಲ,
ಇರುವುದು ಅಲ್ಲೇ, ಇನ್ನೊಬ್ಬಳ ಮನೆಯಲ್ಲಿ.
ಯಾವ ಜನ ನೀವು?
ಬಟ್ಟೆ ಹೊಲಿಯೋ ಜನ ಅಂದೆ.
ಅವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.
ಹಾಲಸ್ವಾಮಿ ಗಾಡಿಗೆ ಕಿಕ್ ಹೊಡೆದ.

ನಿಟುವಳ್ಳಿಯಲ್ಲಿ ಮೆಷಿನ್ ಸದ್ದು ಆಗದು,
ಮೇಲೆ ಅವರ ಮಗ ಪಿಯುಸಿ ಓದುತ್ತಾನೆ.
ಸರಸ್ವತಿ ನಗರದಲ್ಲಿ ನೀರು ಎಂಟು ದಿನಕ್ಕೊಮ್ಮೆ,
ಅದೂ ರಾತ್ರಿ ಎರಡಕ್ಕೆ, ಓನರ್ ತುಂಬಿಕೊಂಡ ಮೇಲೆ.
ಕೆ.ಟಿ.ಜೆ. ನಗರದಲ್ಲಿ ಬಾಡಿಗೆ ಸರಿ, ಅಡ್ವಾನ್ಸ್ ಐವತ್ತು ಸಾವಿರ.
ನನ್ನ ಬಳಿ ಇರುವುದು ಹನ್ನೆರಡು, ಮತ್ತೆ ಜುಮಕಿ.
ಜೊತೆಯಲ್ಲ, ಒಂದೇ. ಅದರ ಕಥೆ ಬೇರೆ.

ಪ್ರತಿ ಮನೆಯಲ್ಲೂ ನಾನು ಟೇಪು ಬಿಚ್ಚುತ್ತೇನೆ.
ಮೆಷಿನ್ನಿಗೆ ನಲವತ್ತೆರಡು ಇಂಚು,
ಕಟಿಂಗ್ ಹಲಗೆಗೆ ಅರವತ್ತು,
ಮಗಳು ಕಾಲು ಚಾಚಿದರೆ ಐವತ್ತೆರಡು,
ಮುಂದಿನ ವರ್ಷಕ್ಕೆ ಇನ್ನೆರಡು ಸೇರಿಸು.
ನಾನು ಗೋಡೆ ಅಳೆದು ಏಳುವ ಹೊತ್ತಿಗೆ
ಅವರ ಕಣ್ಣು ನನ್ನ ಅಳತೆ ತೆಗೆದು ಮುಗಿಸಿರುತ್ತದೆ:
ಕೊರಳು, ಕಾಲುಂಗುರ, ಚಪ್ಪಲಿಯ ಸವೆದ ಹಿಮ್ಮಡಿ.

ಮಧ್ಯಾಹ್ನ ಗಡಿಯಾರ ಕಂಬದ ಹತ್ತಿರ ಮಂಡಕ್ಕಿ ಮಿರ್ಚಿ.
ದುಡ್ಡು ನಾನೇ ಕೊಟ್ಟೆ.
"ಇನ್ನೊಂದೈತಿ" ಅಂದ, ಎಣ್ಣೆಗೈ ಪೇಪರಿಗೆ ಒರೆಸುತ್ತ,
"ಅದನ್ನ ತೋರ್ಸಾಕೆ ನಂಗೇ ನಾಚ್ಕೆ."

ಭಟ್ಟಿಗಳ ಹಿಂದೆ, ಶೀಟಿನ ಮನೆ, ಒಂದೂವರೆ ಕೋಣೆ.
ಅರ್ಧ ಅಂದರೆ ಅಡುಗೆಮನೆ, ಅದರೊಳಗೇ ಬಚ್ಚಲ ಕಲ್ಲು.
ಗಾಳಿಯಲ್ಲಿ ಹೊಟ್ಟಿನ ಹೊಗೆ, ಕಾದ ಮರಳಿನ ವಾಸನೆ.
ತಂತಿಯ ಮೇಲೆ ಬಿಳಿ ಪಂಚೆ, ಪಂಚೆಯ ಮೇಲೆ ಮಸಿಯ ಚುಕ್ಕೆ.
ಮದುವೆ ಬ್ಲೌಸುಗಳನ್ನು ಎಲ್ಲಿ ಮುಚ್ಚಿಡಲಿ
ಅಂತ ನಾನು ಸುತ್ತ ನೋಡುವಾಗ
ಕೆಂಚಮ್ಮಜ್ಜಿ ಬಾಗಿಲು ಹಿಡಿದು ನಿಂತಳು. ಓನರ್ ಅವಳೇ.
ಏನೂ ಕೇಳಲಿಲ್ಲ. ನನ್ನ ಕೈಯ ಟೇಪು ಕಂಡು
ತೋಳೆತ್ತಿ, ಕಂಕುಳಲ್ಲಿ ಹರಿದ ಕುಪ್ಪಸ ತೋರಿಸಿದಳು:
"ಇದು ಆಗ್ತತೇನವ್ವಾ? ಅಂಗಡ್ಯಾಗೆ ಇಂಥಾವ್ನ ಮುಟ್ಟಂಗಿಲ್ಲ."
ಅಲ್ಲೇ ನಿಂತು ತಿರುವಿ ನೋಡಿದೆ.
ಯಾವ ಪುಣ್ಯಾತ್ಮ ಹೊಲಿದಿದ್ದನೋ,
ಒಳಗೆ ಅರ್ಧ ಇಂಚೂ ಬಟ್ಟೆ ಬಿಟ್ಟಿಲ್ಲ.

ನಾನು ಬಿಡುತ್ತೇನೆ. ಯಾವಾಗಲೂ.
ಹದಿನಾರರ ಹುಡುಗಿಯ ರವಿಕೆಗೂ ಎರಡು ಬದಿ ಒಂದೊಂದು ಇಂಚು.
ಮೈ ಬರುತ್ತದೆ, ಬಸಿರು ಬರುತ್ತದೆ,
ಬಿಚ್ಚಿಕೊಳ್ಳಲಿ.
ಈ ನಾಲ್ಕು ಗೋಡೆ ಎತ್ತಿದವನಿಗೆ ಅದು ಗೊತ್ತಿರಲಿಲ್ಲ.
ಹಲಗೆ ಹಾಸಿದರೆ ಮಗಳು ಕಾಲು ಮಡಚಬೇಕು,
ಮಗಳು ಕಾಲು ಚಾಚಿದರೆ ಹಲಗೆ ಬೀದಿಗೆ.

"ಮೂರು ಸಾವ್ರ ಕೊಡು. ಕರೆಂಟು ಬ್ಯಾರೆ."
ಹಾಲಸ್ವಾಮಿ ಕಣ್ಣಲ್ಲೇ ಬೇಡ ಅಂದ.
ಮತ್ತೊಮ್ಮೆ ಅಳೆದೆ, ಈ ಸಲ ಮೂಲೆಯಿಂದ ಮೂಲೆಗೆ,
ಪೀಸು ಸಾಲದಾಗ ತೋಳನ್ನು ಓರೆಗಿಟ್ಟು ಕತ್ತರಿಸುವ ಹಾಗೆ.
ಆರು ಇಂಚು ಸಿಕ್ಕಿತು.

ಸಂಜೆ ಮಗಳಿಗೆ ಫೋನಿನಲ್ಲಿ ಹೇಳಿದೆ.
ಕಿಟಕಿ ಐತೇನಮ್ಮಾ?
ಐತಿ.
ಏನು ಕಾಣ್ತದೆ?
ಮಂಡಕ್ಕಿ ಭಟ್ಟಿ. ಅಕ್ಕಿ ಅರಳೋದು.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ ಕೇಳಿದಳು,
ಬಿಸಿ ಇದ್ದಾಗ್ಲೇ ಕೊಡ್ತಾರಾ?