ಲ.ಸಾ.ಅ.

ಬೈತಖೋಲದ ಬಂದರಿನಲ್ಲಿ ಕಾದ ಡಾಂಬರು ತುಂಬಿಸಿಕೊಂಡು ಹೊರಟರೆ
ಸುರಂಗ, ಬಿಣಗಾ, ಅಮದಳ್ಳಿ,
ಬಾಳೆಗುಳಿಯಲ್ಲಿ ಸಮುದ್ರಕ್ಕೆ ಬೆನ್ನು.
ರಾಮನಗುಳಿಯಲ್ಲಿ ಒಂದು ಚಹಾ, ಅದೂ ನಿಂತೇ;
ತಣಿದರೆ ಗಟ್ಟಿಯಾದೇನು ಎಂದು
ಮಾಲು ಹೆದರಿಸುತ್ತಲೇ ಇರುತ್ತದೆ.
ಅರಬೈಲಿನಲ್ಲಿ ಎರಡನೇ ಗೇರು ಹಾಕಿ
ರಸ್ತೆಯ ಮೇಲೆ ರಸ್ತೆಯನ್ನೇ ಹೊತ್ತು ಏರುವವನಿಗೆ
ಇದು ಹಗಲಿನ ಪಾಳಿಯೋ ರಾತ್ರಿಯದೋ
ಎದುರು ಲಾರಿಯ ದೀಪ ಕಂಡ ಮೇಲೇ ಗೊತ್ತು.

ನನ್ನದು ಆರರ ಸುತ್ತು:
ಎರಡು ಹಗಲು, ಮೂರು ರಾತ್ರಿ, ಒಂದು ಸೂಟಿ.
ಸುಗಂಧಾಳದು ಎಂಟರದು.
ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ;
ಮಕ್ಕಳು ಗಡಿಯಾರ ನೋಡಿ ಹುಟ್ಟುವುದಿಲ್ಲವಲ್ಲ.

ನಮ್ಮ ಮನೆಯ ಮಂಚ ತಣ್ಣಗಾದದ್ದೇ ಇಲ್ಲ.
ಅವಳು ಎದ್ದ ತಗ್ಗಿನಲ್ಲಿ ನಾನು ಮಲಗುತ್ತೇನೆ.
ದಿಂಬಿನಲ್ಲಿ ನನಗೆ ಡೆಟಾಲಿನ ವಾಸನೆ, ಅವಳಿಗೆ ಡಾಂಬರಿನದು.
ಹೇಳುವುದನ್ನೆಲ್ಲ ಸಾರಿನ ಮುಚ್ಚಳದ ಮೇಲೆ ಇಟ್ಟುಹೋಗುತ್ತೇವೆ.
ತಟ್ಟೆ ಮಗುಚಿದ್ದರೆ, ಉಂಡೆ.
ಚಮಚ ಅಡ್ಡ ಇದ್ದರೆ, ಉಪ್ಪು ಹೆಚ್ಚು.
ಬಳೆ ಬಿಚ್ಚಿಟ್ಟಿದ್ದರೆ,
ಇವತ್ತು ಒಂದು ಮಗು ಉಳಿಯಲಿಲ್ಲ, ಏನೂ ಕೇಳಬೇಡ.
ಯಾರನ್ನು ಕೇಳಲಿ? ನಾನು ಬಾಗಿಲು ತೆರೆವಾಗ
ಅವಳು ಮತ್ತೆ ವಾರ್ಡಿನಲ್ಲಿರುತ್ತಾಳೆ.

ಪ್ರಾಚಿಗೆ ಆರನೇ ಇಯತ್ತೆಯಲ್ಲಿ ಲ.ಸಾ.ಅ. ಕಲಿಸಿದರು:
ಎರಡು ಗಂಟೆಗಳು ಒಟ್ಟಿಗೆ ಎಂದು ಬಾರಿಸುತ್ತವೆ ಎಂಬ ಲೆಕ್ಕ.
ಕ್ಯಾಲೆಂಡರು ಕೆಳಗಿಳಿಸಿ
ನನ್ನ ಸೂಟಿಗೆ ಕೆಂಪು, ಆಯಿಯದಕ್ಕೆ ನೀಲಿ ಹಚ್ಚಿದಳು.
“ಆರು, ಎಂಟು, ಇಪ್ಪತ್ನಾಲ್ಕು!
ಇಪ್ಪತ್ನಾಲ್ಕು ದಿನಕ್ಕೊಮ್ಮೆ ಇಬ್ಬರೂ ಮನೆಯಲ್ಲಿ.”
ಪೆನ್ಸಿಲು ಕಚ್ಚಿಕೊಂಡು ಹುಡುಕಿದಳು.
ಜುಲೈ ಮುಗಿಯಿತು, ಅಗಸ್ಟು, ಚೌತಿಯೂ ದಾಟಿತು.
ಕೆಂಪಿನ ಪಕ್ಕ ನೀಲಿ. ನೀಲಿಯ ಪಕ್ಕ ಕೆಂಪು.
ಕೆಂಪಿನ ಮೇಲೆ ನೀಲಿ ಎಲ್ಲೂ ಇಲ್ಲ.

ಮರುದಿನ ಟೀಚರನ್ನು ಕೇಳಿಕೊಂಡು ಬಂದಳು.
“ಒಂದೇ ದಿನ ಶುರುವಾಗಿದ್ದರೆ ಮಾತ್ರ ಅಪ್ಪಾ.
ಎಣಿಸುತ್ತ ಹೋದರೆ ನೀನು ಸಮ, ಆಯಿ ಬೆಸ.
ನಾನು ಮುದುಕಿಯಾದರೂ ನೀವು ಕೂಡುವುದಿಲ್ಲ.”
ಹೇಳಿ, ಅವಲಕ್ಕಿ ತಿಂದಳು.

ತಾಂಡೇಲರ ಕೋಣೆಯಲ್ಲೊಂದು ಕರಿಹಲಗೆ,
ಸೀಮೆಸುಣ್ಣದಲ್ಲಿ ಹದಿನೆಂಟು ಹೆಸರು.
“ಒಂದು ದಿನ ಸರಿಸಿ ಸಾಹೇಬರೆ.”
“ಮದುವೆಯೋ, ಸಾವೋ?”
ಎರಡೂ ಅಲ್ಲ. ಎರಡರ ನಡುವಿನದ್ದಕ್ಕೆ
ಅವರ ಫಾರಮಿನಲ್ಲಿ ಕಾಲಂ ಇರಲಿಲ್ಲ.
“ಒಂದು ಎಳೆದರೆ ಹದಿನೆಂಟೂ ಜಗ್ಗುತ್ತವೆ ಮಾರಾಯ,”
ಎಂದರು, ಪಾಪ, ಸಿಟ್ಟಿಲ್ಲದೆಯೇ.

ಇಡಗುಂದಿಯ ಬಸ್ತ್ಯಾಂವ ಸಿದ್ದಿ
ಟಯರಿಗೆ ಕಲ್ಲು ಕೊಡುತ್ತ ಕೇಳಿಸಿಕೊಂಡ.
ಹುಬ್ಬಳ್ಳಿಯಿಂದ ಆಗಷ್ಟೇ ಇಳಿದವನು
ಮುಖಕ್ಕೆ ನೀರು ಹೊಡೆದುಕೊಂಡು ನನ್ನ ಟ್ಯಾಂಕರು ಹತ್ತಿದ.
“ನನ್ನ ಜಾಗ ನಿನಗೆ, ನಿನ್ನದು ನನಗೆ.
ನನ್ನ ಸೂಟಿಗೆ ಕಾಯುವುದು ಮನೆಯ ಕೋಳಿ.
ಅವಕ್ಕೆ ಎಣಿಸಲು ಬರುವುದಿಲ್ಲ.”
ಬೇಡ ಎನ್ನಬೇಕಿತ್ತು. ಎನ್ನಲಿಲ್ಲ.

ಬಂತು ಆ ಗುರುವಾರ. ಕೆಂಪಿನ ಮೇಲೆ ನೀಲಿ;
ಪ್ರಾಚಿ ಅದನ್ನು ನೇರಳೆ ಎಂದಳು.
ಬಂಗಡೆ ತಂದೆ. ಅಂಗಿಗೆ ಇಸ್ತ್ರಿ.
ನಾಲ್ಕಕ್ಕೆ ಬೀಚು ಎಂದು ಮಾತಾಗಿತ್ತು.
ಸುಗಂಧಾ ನನ್ನೆದುರು ಕೂತು
“ಕಿವಿಯ ಮೇಲಿನ ಬಿಳಿ ಯಾವಾಗ ಬಂತು?” ಎಂದಳು.
ಗೊತ್ತಿಲ್ಲ ಎಂದೆ. ಘಟ್ಟದಲ್ಲಿ ಎಲ್ಲೋ.
ಆಮೇಲೆ ಏನು ಮಾತಾಡುವುದೋ ತಿಳಿಯದೆ
ಇಬ್ಬರೂ ಸಾರಿನ ಮುಚ್ಚಳ ನೋಡಿದೆವು.

ಬಸ್ತ್ಯಾಂವನಿಗೆ ಫೋನು ಹಚ್ಚಿದೆ, ತಾಗಲಿಲ್ಲ.
ಅರಬೈಲಿನಲ್ಲಿ ಇದ್ದಾನು ಎಂದುಕೊಂಡೆ.
ಉಂಡು, ಐದೇ ನಿಮಿಷ ಎಂದು ಅಡ್ಡಾದದ್ದು.
ಅದೇ ತಗ್ಗು, ಇಬ್ಬರಿಗೆ ಸಾಲದ ತಗ್ಗು.

ಕಣ್ಣು ಬಿಟ್ಟಾಗ ಮನೆಯಲ್ಲಿ ದೀಪ ಹತ್ತಿತ್ತು.
ಹೊಸ್ತಿಲ ಬಳಿ ಪ್ರಾಚಿ,
ಕಾಲಲ್ಲಿ ಚಪ್ಪಲಿ, ಮಡಿಲಲ್ಲಿ ಲೆಕ್ಕದ ಪಟ್ಟಿ.
“ಎಬ್ಬಿಸಬಾರದಿತ್ತೇ?”
“ಎಣಿಸುತ್ತಿದ್ದೆ,” ಎಂದಳು,
“ನಿಮ್ಮಿಬ್ಬರ ಗೊರಕೆ
ಎಷ್ಟಕ್ಕೊಮ್ಮೆ ಕೂಡುತ್ತದೆ ಅಂತ.”